ಪಯಣದ ಓದುಗರು: ರೈಲು, ಬಸ್ಸು, ಮೆಟ್ರೋಗಳಲ್ಲಿ ಓದು ಮತ್ತು ಅದನ್ನು ನೋಡುವ ಕಣ್ಣು

ರೈಲು, ಬಸ್ಸು, ಮೆಟ್ರೋಗಳಲ್ಲಿ ಅಪರಿಚಿತರು ಪುಸ್ತಕ ಓದುವುದು, ಎದುರು ಕೂತವರು ಅದನ್ನು ಗಮನಿಸುವುದು, ಎರಡೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೂಢಿಗೆ ಬಂದ ಅಭ್ಯಾಸಗಳು. ಮನೆಯಲ್ಲಿ ಓದುವವರನ್ನು ಮನೆಯವರಷ್ಟೇ ಕಾಣುತ್ತಾರೆ. ಗ್ರಂಥಾಲಯಕ್ಕೆ ಬಂದವರೆಲ್ಲ ಓದಲೆಂದೇ ಬಂದಿರುವುದರಿಂದ ಅಲ್ಲಿ ಓದು ಯಾರ ಕಣ್ಣಿಗೂ ವಿಶೇಷವಾಗಿ ಬೀಳುವುದಿಲ್ಲ. ಸಾರ್ವಜನಿಕ ವಾಹನದಲ್ಲಿ ಓದುವವರೂ ಓದದವರೂ ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಕೂರಬೇಕಾಗುತ್ತದೆ. ಒಂದು ಊರಿನ ಜನ ಏನನ್ನು ಓದುತ್ತಿದ್ದಾರೆ ಎಂಬುದು ಬರಿಗಣ್ಣಿಗೆ ಕಾಣುವ ಜಾಗ ಇದೊಂದೇ ಎಂದರೂ ತಪ್ಪಿಲ್ಲ.

ಓದುವವರನ್ನು ನೋಡಿ ಬೆರಗಾದ ದಾಖಲೆ ರೈಲಿಗಿಂತ ಬಹಳ ಹಳೆಯದು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಆಗಸ್ಟೀನ್ ತನ್ನ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಓದುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಆಂಬ್ರೋಸ್ ಓದುವಾಗ ಕಣ್ಣು ಹಾಳೆಯ ಮೇಲೆ ಸಾಗುತ್ತಿತ್ತು, ನಾಲಿಗೆ ಮಾತ್ರ ಆಡುತ್ತಿರಲಿಲ್ಲ. ಕಾಣಲು ಬಂದವರು ಅವರ ಓದನ್ನು ಕೆಡಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಹೀಗೇಕೆ ಸದ್ದಿಲ್ಲದೆ ಓದುತ್ತಾರೆ ಎಂದು ತಮ್ಮತಮ್ಮಲ್ಲೇ ಊಹಿಸುತ್ತಿದ್ದರು: ಗಂಟಲು ಕಟ್ಟದಿರಲೆಂದಿರಬಹುದು, ಪಕ್ಕದವರು ಕೇಳಿಸಿಕೊಂಡು ಪ್ರಶ್ನೆ ಹಾಕದಿರಲೆಂದಿರಬಹುದು. ಪರರ ಓದನ್ನು ನೋಡುವುದರ ಲಕ್ಷಣಗಳೆಲ್ಲ ಈ ಪ್ರಸಂಗದಲ್ಲೇ ಇವೆ. ಕಣ್ಣಿನ ಚಲನೆ ಕಾಣುತ್ತದೆ, ಒಳಗೆ ನಡೆಯುವುದು ಕಾಣುವುದಿಲ್ಲ. ಕಾಣದ್ದನ್ನು ನೋಡುವವನು ಊಹೆಯಿಂದ ತುಂಬಿಕೊಳ್ಳುತ್ತಾನೆ.

ಕನ್ನಡ ನಾಡಿನಲ್ಲಿ ಓದು ಬಹುಕಾಲ ಕಿವಿಯ ವ್ಯವಹಾರವಾಗಿತ್ತು. ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಗಮಕಿ ಓದುತ್ತಿದ್ದರೆ ಊರು ಕೂತು ಕೇಳುತ್ತಿತ್ತು. ನೂರು ಜನರ ನಡುವೆ ಒಬ್ಬರು ಪುಸ್ತಕ ತೆರೆದರೆ ಅದು ನೂರು ಜನರಿಗಾಗಿಯೇ ಆಗಿರುತ್ತಿತ್ತು. ಗುಂಪಿನ ಮಧ್ಯೆ ಕೂತು ತನಗೊಬ್ಬನಿಗೇ ಓದಿಕೊಳ್ಳುವುದು ಈ ಪರಂಪರೆಗೆ ಹೊಸದು. ಅದನ್ನು ಸಹಜವೆನಿಸುವಂತೆ ಮಾಡಿದ್ದರಲ್ಲಿ ರೈಲಿನ ಪಾಲು ದೊಡ್ಡದು.

ರೈಲು ತಂದ ಹೊಸ ಸ್ಥಿತಿಯನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೊರ್ಗ್ ಸಿಮ್ಮೆಲ್ 1908ರ ತನ್ನ ದೊಡ್ಡ ಗ್ರಂಥದಲ್ಲಿ ಗುರುತಿಸಿದ. ಬಸ್ಸು, ರೈಲು, ಟ್ರಾಮುಗಳು ಬರುವ ಮುನ್ನ ಮನುಷ್ಯರು ಪರಸ್ಪರ ಮಾತಾಡದೆ ನಿಮಿಷಗಟ್ಟಲೆ, ಗಂಟೆಗಟ್ಟಲೆ ಮುಖ ನೋಡುತ್ತ ಕೂರಬೇಕಾದ ಪ್ರಸಂಗವೇ ಇರಲಿಲ್ಲ ಎಂಬುದು ಅವನ ಮಾತಿನ ಸಾರ. ಯುರೋಪಿನ ಮೊದಲ ದರ್ಜೆಯ ಬೋಗಿಗಳು ಕುದುರೆ ಸಾರೋಟಿನ ಮಾದರಿಯಲ್ಲಿ ಎದುರುಬದುರು ಆಸನಗಳನ್ನು ಇಟ್ಟುಕೊಂಡೇ ಹುಟ್ಟಿದ್ದವು. ಸಾರೋಟಿನಲ್ಲಿ ಆ ಏರ್ಪಾಡು ಹರಟೆಗೆ ಒದಗುತ್ತಿತ್ತು. ನಿಲ್ದಾಣ ನಿಲ್ದಾಣಕ್ಕೂ ಜನ ಬದಲಾಗುವ ರೈಲಿನಲ್ಲಿ ಅದೇ ಮುಜುಗರಕ್ಕೆ ದಾರಿಯಾಯಿತು. ರೈಲುಪ್ರಯಾಣದ ಚರಿತ್ರೆಯನ್ನು 1977ರಲ್ಲಿ ಬರೆದ ವೋಲ್ಫ್‌ಗಾಂಗ್ ಶಿವೆಲ್‌ಬುಷ್, ಉಳ್ಳವರು ಪುಸ್ತಕ ಪತ್ರಿಕೆಗಳ ಹಿಂದೆ ಮುಖ ಮರೆಸಿಕೊಳ್ಳಲು ಕಲಿತದ್ದು ಆಗಲೇ ಎಂದು ತೋರಿಸುತ್ತಾನೆ. ಮೂರನೆಯ ದರ್ಜೆಯಲ್ಲಿ ಆ ಅಗತ್ಯವಿರಲಿಲ್ಲ, ಅಲ್ಲಿ ಮಾತು ನಡೆದೇ ಇತ್ತು. ಭಾರತದ ಸಾಮಾನ್ಯ ಬೋಗಿಗಳಲ್ಲಿ ಇವತ್ತಿಗೂ ಪುಸ್ತಕಕ್ಕಿಂತ ಮಾತೇ ಹೆಚ್ಚು ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿ ಜನ ಓದದಿರುವುದಕ್ಕೆ ಅಕ್ಷರದ ಕೊರತೆಯೊಂದೇ ಕಾರಣವೆನ್ನುವುದು ಅವಸರದ ತೀರ್ಮಾನ. ಊಟದ ಬುತ್ತಿ ಬಿಚ್ಚಿ ಎದುರಿನವರಿಗೂ ಒಂದು ರೊಟ್ಟಿ ನೀಡುವವರಿಗೆ ಮುಖ ಮರೆಸಿಕೊಳ್ಳುವ ಗೋಡೆ ಬೇಕಾಗುವುದಿಲ್ಲ.

ಗೋಡೆ ಬೇಕಾದವರಿಗೆ ಅದನ್ನು ಮಾರುವ ವ್ಯಾಪಾರ ಬೇಗನೆ ಕುದುರಿತು. 1848ರ ನವೆಂಬರಿನಲ್ಲಿ ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆ ತೆರೆಯಿತು. ಮರುವರ್ಷವೇ ರೂಟ್‌ಲೆಡ್ಜ್ ಪ್ರಕಾಶನದ ರೈಲ್ವೆ ಲೈಬ್ರರಿ ಮಾಲೆ ಶುರುವಾಗಿ, ಶತಮಾನ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಮಿಕ್ಕಿ ಪುಸ್ತಕಗಳನ್ನು ಹೊರತಂದಿತು. ಆಗ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು, ಬೆಲೆ 31 ಶಿಲಿಂಗ್ 6 ಪೆನ್ಸ್. ನಿಲ್ದಾಣದ ಪುಸ್ತಕಕ್ಕೆ ಒಂದೋ ಎರಡೋ ಶಿಲಿಂಗ್ ಸಾಕಾಗುತ್ತಿತ್ತು. ಅದರ ರಟ್ಟಿಗೆ ಹಳದಿ ಬಣ್ಣದ ಹೊಳಪು ಕಾಗದ, ಅದರ ಮೇಲೆ ಕಥೆಯ ಅತಿ ರೋಚಕ ಗಳಿಗೆಯ ಚಿತ್ರ. ಪ್ಲಾಟ್‌ಫಾರ್ಮಿನಲ್ಲಿ ಗಡಿಬಿಡಿಯಿಂದ ಹೋಗುತ್ತಿರುವವರ ಕಣ್ಣನ್ನು ಹತ್ತು ಹೆಜ್ಜೆ ದೂರದಿಂದಲೇ ಹಿಡಿಯಬೇಕಿತ್ತಲ್ಲ, ಅದಕ್ಕೆ. ದೂರಕ್ಕೆ ಕಾಣಲೆಂದು ಮಾಡಿದ ಆ ಮುಖಪುಟ ಬೋಗಿಯೊಳಗೂ ಕಾಣುತ್ತಿತ್ತು. ಕೊಳ್ಳುವವನನ್ನು ಕರೆಯಲು ಬರೆದ ಚಿತ್ರ ಕೊಂಡವನ ಅಭಿರುಚಿಯನ್ನೂ ಎದುರಿನ ಆಸನಕ್ಕೆ ಹೇಳುವಂತಾಯಿತು. ಇಂದಿನ ಮುಖಪುಟ ವಿನ್ಯಾಸದ ಬಹುಪಾಲು ವಿವೇಕ ನಿಲ್ದಾಣದ ಈ ಅಗತ್ಯದಿಂದ ಬೆಳೆದದ್ದು.

ಫ್ರಾನ್ಸಿನಲ್ಲಿ ಲೂಯಿ ಹಾಶೆಟ್ ಇದನ್ನು ಇನ್ನೂ ಕ್ರಮವಾಗಿ ಮಾಡಿದ. 1853ರಲ್ಲಿ ಶುರುವಾದ ಅವನ ರೈಲ್ವೆ ಗ್ರಂಥಮಾಲೆಯಲ್ಲಿ ವಿಷಯಕ್ಕೊಂದು ಬಣ್ಣ. ಮಕ್ಕಳ ಪುಸ್ತಕಗಳಿಗೆ ಕೊಟ್ಟ ಗುಲಾಬಿ ಬಣ್ಣ ಮುಂದೆ ಒಂದು ಸ್ವತಂತ್ರ ಮಾಲೆಯ ಹೆಸರೇ ಆಗಿ ಉಳಿಯಿತು. ಲೈಪ್‌ಜಿಗ್‌ನ ರೆಕ್ಲಾಮ್ ಪ್ರಕಾಶನ 1867ರಿಂದ ಅಗ್ಗದ ಪುಟ್ಟ ಪುಸ್ತಕಗಳನ್ನು ತಂದು, 1912ರಿಂದ ನಿಲ್ದಾಣಗಳಲ್ಲಿ ನಾಣ್ಯ ಹಾಕಿದರೆ ಪುಸ್ತಕ ಕೊಡುವ ಯಂತ್ರಗಳನ್ನೇ ನಿಲ್ಲಿಸಿತು. ಆ ಪುಟ್ಟ ಪುಸ್ತಕವನ್ನು ಮಾದರಿಯಾಗಿಟ್ಟುಕೊಂಡು 1927ರಲ್ಲಿ ಜಪಾನಿನ ಇವಾನಾಮಿ ಪ್ರಕಾಶನ ತನ್ನ ಬುಂಕೊ ಮಾಲೆ ಆರಂಭಿಸಿತು. 1935ರಲ್ಲಿ ಅಲೆನ್ ಲೇನ್ ಆರು ಪೆನ್ಸಿಗೆ ಕೊಟ್ಟ ಪೆಂಗ್ವಿನ್ ಪುಸ್ತಕಗಳಲ್ಲಿ ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಬಣ್ಣವಿತ್ತು. ಹೆಸರು ಓದಲಾಗದಷ್ಟು ದೂರದಲ್ಲಿದ್ದವರಿಗೂ ಎದುರಿನವರು ಯಾವ ಜಾತಿಯ ಪುಸ್ತಕ ಹಿಡಿದಿದ್ದಾರೆ ಎಂಬುದು ತಿಳಿಯುತ್ತಿತ್ತು.

ಭಾರತದಲ್ಲಿ ಎ.ಎಚ್. ವೀಲರ್ ಸಂಸ್ಥೆ 1877ರಲ್ಲಿ ಅಲಹಾಬಾದಿನಲ್ಲಿ ನೆಲೆಯೂರಿತು. 1888ರಲ್ಲಿ ಅದು ತಂದ ಇಂಡಿಯನ್ ರೈಲ್ವೆ ಲೈಬ್ರರಿಯ ಮೊದಲ ಆರು ಪುಸ್ತಕಗಳೂ ಇಪ್ಪತ್ತೆರಡರ ಹರೆಯದ ರಡ್ಯಾರ್ಡ್ ಕಿಪ್ಲಿಂಗನ ಕಥೆಗಳು, ಬೆಲೆ ತಲಾ ಒಂದು ರೂಪಾಯಿ. ಜಗತ್ಪ್ರಸಿದ್ಧನಾದ ಒಬ್ಬ ಲೇಖಕ ನಿಲ್ದಾಣದ ಮಳಿಗೆಯಿಂದ ಹೊರಟದ್ದು ಗಮನಿಸಬೇಕಾದ ಸಂಗತಿ. ಆ ಮಳಿಗೆ ಮೊದಲು ಇಂಗ್ಲಿಷ್ ಬಲ್ಲವರಿಗಾಗಿ ಇತ್ತೆಂಬುದೂ ಅಷ್ಟೇ ಮುಖ್ಯ. ದಕ್ಷಿಣದಲ್ಲಿ 1844ರಲ್ಲಿ ಮದರಾಸಿನಲ್ಲಿ ಶುರುವಾದ ಹಿಗಿನ್‌ಬಾಥಮ್ಸ್ ನಿಲ್ದಾಣದ ಮಳಿಗೆಗಳನ್ನು ನಡೆಸಿತು. ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ 1864ರ ಆಗಸ್ಟಿನಲ್ಲೇ ರೈಲು ಓಡಿತ್ತು. ಹಳಿ ಬಂದಷ್ಟು ಬೇಗ ಕನ್ನಡ ಪುಸ್ತಕ ಮಾತ್ರ ನಿಲ್ದಾಣಕ್ಕೆ ಬರಲಿಲ್ಲ. ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಮೊದಲು ಪಯಣ ಹೊರಟದ್ದು ಪುಸ್ತಕ. ಪಯಣದಲ್ಲಿ ಓದುವವರು ಆಮೇಲೆ ಬಂದರು.

ಅವರು ಬಂದದ್ದು ಬಸ್ಸಿನ ಕಾಲದಲ್ಲಿ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ಕಸ್ತೂರಿ ಮಾಸಪತ್ರಿಕೆ ಚೀಲದ ಮೂಲೆಯಲ್ಲಿ ಹಿಡಿಸುವ ಪುಸ್ತಕದ ಗಾತ್ರದ್ದಾಗಿತ್ತು. 1965ರಲ್ಲಿ ಸುಧಾ, 1983ರಲ್ಲಿ ಮಣಿಪಾಲದಿಂದ ತರಂಗ ಬಂದವು. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ಕ್ಲಿಪ್ಪು ಹಾಕಿ ವಾರಪತ್ರಿಕೆಗಳನ್ನು ತೂಗುಬಿಡುವುದು, ಅವುಗಳ ಕೆಳಗೆ ಚಕ್ಕುಲಿ ಕೋಡುಬಳೆಯ ಡಬ್ಬಗಳ ಪಕ್ಕದಲ್ಲೇ ಕಾದಂಬರಿಗಳನ್ನು ಜೋಡಿಸಿಡುವುದು ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಕಂಡ ನೋಟ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇಂಥ ಓದಿಗೆ ಹೇಳಿ ಮಾಡಿಸಿದಂತಿದ್ದವು: ತೆಳ್ಳಗಿನ ಪುಸ್ತಕ, ಚುಟುಕು ವಾಕ್ಯ, ಊರು ಬರುವುದರೊಳಗೆ ಬಯಲಾಗುವ ಕೊಲೆ. ಅವರು ಐನೂರರಷ್ಟು ಕಾದಂಬರಿ ಬರೆದರು. ಸಾಹಿತ್ಯ ಚರಿತ್ರೆಗಳು ಅವರಿಗೆ ಕೊಟ್ಟ ಜಾಗ ಬಹಳ ಕಡಿಮೆ. ಆ ಪುಸ್ತಕಗಳ ದೆಸೆಯಿಂದ ಕನ್ನಡ ಓದಿನ ರುಚಿ ಹತ್ತಿಸಿಕೊಂಡವರ ಸಂಖ್ಯೆ ಮಾತ್ರ ದೊಡ್ಡದು, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚರಿತ್ರೆ ಅಷ್ಟರಮಟ್ಟಿಗೆ ಅಪೂರ್ಣ.

ಚಲಿಸುವ ವಾಹನದಲ್ಲಿ ಓದುವುದು ದೇಹಕ್ಕೆ ಸುಲಭದ ಕೆಲಸವಲ್ಲ. ಓದುವ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಒಂದು ಕಡೆ ನಿಂತು, ಮುಂದಕ್ಕೆ ಹಾರಿ, ಮತ್ತೆ ನಿಲ್ಲುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜಾವಾಲ್ 1870ರ ದಶಕದ ಕೊನೆಯಲ್ಲಿ ಇದನ್ನು ಪ್ರಕಟಿಸಿದ. ಎದುರಿನ ಆಸನದಲ್ಲಿರುವವರ ಕಣ್ಣನ್ನು ಗಮನಿಸಿದರೆ ಈ ಹಾರಿಕೆ ಬರಿಗಣ್ಣಿಗೇ ಕಾಣುತ್ತದೆ, ಸಾಲು ಮುಗಿದಾಗ ಕಣ್ಣು ಒಮ್ಮೆಲೇ ಎಡಕ್ಕೆ ಮರಳುವುದಂತೂ ಸ್ಪಷ್ಟವಾಗಿ ತಿಳಿಯುತ್ತದೆ. ಬಸ್ಸಿನಲ್ಲಿ ಓದಿದರೆ ಹಲವರಿಗೆ ಹೊಟ್ಟೆ ತೊಳಸುವುದಕ್ಕೂ ಕಾರಣವಿದೆ. ಒಳಕಿವಿಯ ಸಮತೋಲದ ಅಂಗ ದೇಹ ಓಲಾಡುತ್ತಿದೆ ಎನ್ನುತ್ತದೆ, ಹಾಳೆಯನ್ನು ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಮಿದುಳಿಗೆ ಈ ಎರಡು ಸಾಕ್ಷ್ಯಗಳು ತಾಳೆಯಾಗುವುದಿಲ್ಲ. ಘಟ್ಟದ ತಿರುವುಗಳಲ್ಲಿ ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುವವರು ಮಾಡುವುದು ಸರಿಯಾದ ಚಿಕಿತ್ಸೆಯನ್ನೇ. ಹಳಿಯ ಮೇಲೆ ಕುಲುಕಾಟ ಕಡಿಮೆ, ತಿರುವುಗಳೂ ಸಾವಕಾಶದವು. ರೈಲು ಮತ್ತು ಮೆಟ್ರೋಗಳಲ್ಲಿ ಬಸ್ಸಿಗಿಂತ ಹೆಚ್ಚು ಪುಸ್ತಕ ಕಾಣುವುದಕ್ಕೆ ಇದೂ ಒಂದು ಕಾರಣ.

ಕನ್ನಡ ಲಿಪಿಗೆ ಇಲ್ಲಿ ತನ್ನದೇ ಕಷ್ಟವಿದೆ. ಅಕ್ಷರದ ಕೆಳಗೆ ಒತ್ತು, ಬದಿಗೆ ಕೊಂಬು, ಮಹಾಪ್ರಾಣಕ್ಕೆ ಹೊಟ್ಟೆಯ ಕೆಳಗಿನ ಸಣ್ಣ ಸೀಳು. ಸಾಲುಗಳ ನಡುವೆ ಎಡೆ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಗುಂಡಿಯ ರಸ್ತೆಯಲ್ಲಿ ದ ಯಾವುದು ಧ ಯಾವುದು ಎಂದು ಕಣ್ಣು ತಡಕಾಡುತ್ತದೆ. ಕಾಗದ ಉಳಿಸಲೆಂದು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದ ಪುಸ್ತಕ ಮನೆಯ ಮೇಜಿನ ಮೇಲೆ ಹೇಗೋ ಓದಿಸಿಕೊಳ್ಳುತ್ತದೆ, ಬಸ್ಸಿನಲ್ಲಿ ಸೋಲುತ್ತದೆ.

ಓದುವವರ ಕೈಗಳೂ ನೋಡತಕ್ಕವು. ಮೆಟ್ರೋದಲ್ಲಿ ನಿಂತು ಓದುವವರು ಒಂದು ಕೈಯಲ್ಲಿ ನೇತಾಡುವ ಹಿಡಿಯನ್ನೋ ಕಂಬವನ್ನೋ ಹಿಡಿದು, ಇನ್ನೊಂದರಲ್ಲಿ ಪುಸ್ತಕದ ಬೆನ್ನನ್ನು ನಾಲ್ಕು ಬೆರಳಿಗೆ ಆನಿಸಿ, ಹೆಬ್ಬೆರಳನ್ನು ನಡುವಿನ ಮಡಿಕೆಯಲ್ಲಿ ಊರಿಕೊಳ್ಳುತ್ತಾರೆ. ಹಾಳೆ ತಿರುಗಿಸಲು ನಿಲ್ದಾಣ ಬರುವವರೆಗೂ ಕಾಯುತ್ತಾರೆ, ಇಲ್ಲವೇ ಕಂಬಕ್ಕೆ ಮೊಣಕೈ ಸುತ್ತಿ ಬೆರಳು ಬಿಡಿಸಿಕೊಳ್ಳುತ್ತಾರೆ. ಹಿಂದಿನ ಬಸ್ ಪ್ರಯಾಣಿಕರು ಪುಟದ ಗುರುತಿಗೆ ಟಿಕೆಟನ್ನೇ ಇಡುತ್ತಿದ್ದರು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸಿಗುವ ಹಳೆಯ ಪುಸ್ತಕಗಳ ನಡುವೆ ಮಾಸಿದ ಟಿಕೆಟ್ಟುಗಳು ಆಗೀಗ ಉದುರುತ್ತವೆ; ಕೆಲವುಗಳ ಹಿಂಬದಿಯಲ್ಲಿ ಕಂಡಕ್ಟರ್ ಪೆನ್ನಿನಲ್ಲಿ ಬರೆದುಕೊಟ್ಟ ಚಿಲ್ಲರೆ ಬಾಕಿಯ ಮೊತ್ತ ಹಾಗೆಯೇ ಇರುತ್ತದೆ. ಇಳಿಯುವಾಗ ಬಾಕಿಯನ್ನು ಮರೆಸುವಷ್ಟು ಆ ಅಧ್ಯಾಯ ಹಿಡಿದಿಟ್ಟಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಹೀಗೆ ನೋಡುವುದನ್ನೇ ಕಲೆಯಾಗಿಸಿದವರಲ್ಲಿ ಇಬ್ಬರ ಹೆಸರು ಮುಖ್ಯ. ಹಂಗೆರಿಯಲ್ಲಿ ಹುಟ್ಟಿದ ಆಂದ್ರೆ ಕೆರ್ತೇಸ್ 1915ರಿಂದ ಹಲವು ದಶಕ ಓದುವವರ ಚಿತ್ರಗಳನ್ನು ತೆಗೆದು 1971ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನ ಓದುಗರು ಮಾಳಿಗೆಯ ಮೇಲೆ, ಉದ್ಯಾನದಲ್ಲಿ, ಬೀದಿಯಲ್ಲಿ ಎಲ್ಲೆಂದರಲ್ಲಿ ಇದ್ದಾರೆ. ಅಮೆರಿಕದ ವಾಕರ್ ಎವನ್ಸ್ ಆರಿಸಿಕೊಂಡದ್ದು ನ್ಯೂಯಾರ್ಕಿನ ನೆಲದಡಿಯ ರೈಲನ್ನು. 1938ರಿಂದ 1941ರವರೆಗೆ ಅವನು ಒಂದು ಸಣ್ಣ ಕ್ಯಾಮೆರಾವನ್ನು ಕೋಟಿನೊಳಗೆ ಬಚ್ಚಿಟ್ಟು, ಗುಂಡಿಗಳ ಸಂದಿಯಿಂದ ಮಸೂರದ ಕಣ್ಣನ್ನಷ್ಟೇ ಹೊರಗಿಟ್ಟು, ತೋಳಿನೊಳಗೆ ಇಳಿಬಿಟ್ಟ ತಂತಿಯನ್ನು ಅಂಗೈಯಲ್ಲಿ ಒತ್ತಿ ಎದುರಿನವರ ಚಿತ್ರ ತೆಗೆದ. ಚೌಕಟ್ಟು ನೋಡಿಕೊಳ್ಳುವಂತಿಲ್ಲ, ಬೆಳಕು ಹೊಂದಿಸುವಂತಿಲ್ಲ. ಸಿಕ್ಕಿದ್ದು ಮುಖವಾಡ ಕಳಚಿ ಕೂತ ಮುಖಗಳು. ಪತ್ರಿಕೆಯಲ್ಲಿ ಮುಳುಗಿದವರೂ ಅವರಲ್ಲಿದ್ದಾರೆ. ಆ ಚಿತ್ರಗಳನ್ನು ಎವನ್ಸ್ ಕೂಡಲೇ ಪ್ರಕಟಿಸಲಿಲ್ಲ. ಅನುಮತಿ ಇಲ್ಲದೆ ತೆಗೆದ ಮುಖಗಳೆಂಬ ಅಳುಕಿತ್ತು. 89 ಚಿತ್ರಗಳ ಪುಸ್ತಕ ಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಚಿತ್ರಗಳ ಮೌಲ್ಯದ ಬಗ್ಗೆ ಎರಡು ಮಾತಿಲ್ಲ. ಆ ಕಾಯುವಿಕೆಯೂ ಅವುಗಳ ಮೌಲ್ಯದ ಒಂದು ಭಾಗ. ಈಗ ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆ, ಕಾಯುವ ಸಂಯಮವಿಲ್ಲ. 2009ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕವರ್‌ಸ್ಪೈ ಎಂಬ ಗುಂಪು ಬೇರೆ ದಾರಿ ಹಿಡಿದಿತ್ತು. ಯಾವ ಪುಸ್ತಕ, ಓದುವವರ ಅಂದಾಜು ವಯಸ್ಸು, ತೊಟ್ಟ ಬಟ್ಟೆ ಇಷ್ಟನ್ನು ಬರೆದು, ಪುಸ್ತಕದ ಮುಖಪುಟವನ್ನಷ್ಟೇ ತೋರಿಸುತ್ತಿತ್ತು. ಓದುವವರ ಮುಖ ಅವರದಾಗಿಯೇ ಉಳಿಯುತ್ತಿತ್ತು. ಎರಡರಲ್ಲಿ ಈ ದಾರಿಯೇ ಮೇಲು.

ಅಪರಿಚಿತರ ನಡುವಿನ ನೋಟಕ್ಕೆ ಒಂದು ಅಲಿಖಿತ ನಿಯಮವಿದೆ. ಇನ್ನೊಬ್ಬರು ಇದ್ದಾರೆಂಬುದನ್ನು ಒಂದು ಕಿರುನೋಟದಿಂದ ಒಪ್ಪಿ, ಮರುಕ್ಷಣ ಕಣ್ಣನ್ನು ಬೇರೆಡೆಗೆ ತಿರುಗಿಸಿ ಅವರನ್ನು ಅವರ ಪಾಡಿಗೆ ಬಿಡಬೇಕು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದನ್ನು ವಿವರಿಸಿದ. ಭಾರತದಲ್ಲಿ ಈ ನಿಯಮ ತುಸು ಸಡಿಲ. ಪಕ್ಕದವರ ಹೆಗಲ ಮೇಲಿಂದ ತಲೆಬರಹ ಓದುವುದು, "ಸರ್, ಮಧ್ಯದ ಹಾಳೆ ಸ್ವಲ್ಪ ಕೊಡ್ತೀರಾ?" ಎಂದು ಕೇಳಿ ಪಡೆಯುವುದು, ಒಂದೇ ದಿನಪತ್ರಿಕೆ ಅರಸೀಕೆರೆ ದಾಟುವುದರೊಳಗೆ ನಾಲ್ಕು ಭಾಗವಾಗಿ ಇಡೀ ಬೋಗಿ ಸುತ್ತುವುದು ತಪ್ಪೆನಿಸುವುದಿಲ್ಲ. ಮುಂಬೈಯ ಲೋಕಲ್ ರೈಲಿನಲ್ಲಿ ಯಾರ ಕೈಯಲ್ಲಾದರೂ ಕನ್ನಡ ದೈನಿಕ ಕಂಡರೆ ಇನ್ನೊಬ್ಬ ಕನ್ನಡಿಗರಿಗೆ ಸುಮ್ಮನಿರಲು ಆಗುವುದಿಲ್ಲ, "ನಿಮ್ದು ಯಾವೂರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಿಪಿಯೇ ಅಲ್ಲಿ ಗುರುತಿನ ಚೀಟಿ. ಆದರೆ ಈ ಸಲಿಗೆ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಬಸ್ಸಿನಲ್ಲಿ ಪುಸ್ತಕ ತೆರೆಯುವುದು ಮಾತಿಗೆಳೆಯುವವರಿಂದ ಬಿಡುಗಡೆ ಬೇಕೆಂದೇ. ಅವರ ಓದನ್ನು ಮಾತಿನ ನೆಪ ಮಾಡಿಕೊಳ್ಳುವುದು ಸಭ್ಯತೆಯಲ್ಲ.

ನೋಡಿದ್ದರಿಂದ ತಿಳಿಯುವುದು ಎಷ್ಟು? ಮುಖಪುಟ ಪುಸ್ತಕದ ಹೆಸರನ್ನು ಹೇಳುತ್ತದೆ. ಓದುವವರು ಅದನ್ನು ಮೆಚ್ಚಿದ್ದಾರೋ, ಪರೀಕ್ಷೆಗೆ ಓದುತ್ತಿದ್ದಾರೋ, ಯಾರೋ ಕೊಟ್ಟರೆಂದು ತಿರುವುತ್ತಿದ್ದಾರೋ ಹೇಳುವುದಿಲ್ಲ. ಓದುವವರಿಗೆ ತಾವು ಕಾಣುತ್ತಿದ್ದೇವೆಂಬ ಅರಿವೂ ಇರುತ್ತದೆ. 1998ರಲ್ಲಿ ಬ್ಲೂಮ್ಸ್‌ಬರಿ ಪ್ರಕಾಶನ ಹ್ಯಾರಿ ಪಾಟರ್ ಪುಸ್ತಕಕ್ಕೆ ದೊಡ್ಡವರಿಗಾಗಿ ಬೇರೆ ಮುಖಪುಟ ಮಾಡಿಸಿತು. ಒಳಗಿನ ಒಂದಕ್ಷರವನ್ನೂ ಬದಲಿಸದೆ, ಮಕ್ಕಳ ಪುಸ್ತಕ ಹಿಡಿಯಲು ರೈಲಿನಲ್ಲಿ ನಾಚುವವರಿಗಾಗಿ. ಜಪಾನಿನ ಪುಸ್ತಕದಂಗಡಿಗಳು ಕೊಂಡ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿಕೊಡುತ್ತವೆ. ಅಲ್ಲಿನ ರೈಲಿನಲ್ಲಿ ಓದುವವರು ಕಾಣುತ್ತಾರೆ, ಓದುತ್ತಿರುವುದೇನೆಂದು ಕಾಣುವುದಿಲ್ಲ. 2007ರಲ್ಲಿ ಕಿಂಡಲ್ ಬಂದು, ಆಮೇಲೆ ಫೋನಿನಲ್ಲೇ ಎಲ್ಲವೂ ಬಂದು, ಈ ಹೊದಿಕೆ ಜಗತ್ತಿಗೆಲ್ಲ ಆಯಿತು. ಮೆಟ್ರೋದಲ್ಲಿ ತಲೆ ಬಗ್ಗಿಸಿ ಫೋನ್ ನೋಡುವವರಲ್ಲಿ ಕೆಲವರು ಕಾದಂಬರಿ ಓದುತ್ತಿರಬಹುದು. "ಈಗ ಯಾರೂ ಓದುವುದಿಲ್ಲ" ಎಂಬ ತೀರ್ಪನ್ನು ಬೋಗಿಯ ನೋಟವೊಂದರ ಮೇಲೆ ಕೊಡಲಾಗದು. ಓದು ಮರೆಯಾಗಿದೆ ಎನ್ನಬಹುದು, ಅಳಿದಿದೆ ಎನ್ನಲು ಆ ನೋಟ ಸಾಕ್ಷಿಯಾಗದು.

ಮರೆಯಾಗುವುದರ ನಷ್ಟ ಮಾತ್ರ ನಿಜವಾದದ್ದು. 2011ರ ಅಕ್ಟೋಬರ್ 20ರಿಂದ ಬೆಂಗಳೂರಿನಲ್ಲಿ ಮೆಟ್ರೋ ಓಡುತ್ತಿದೆ. ಓದಿಗೆ ಬೇಕಾದ ಬೆಳಕು, ತಂಪು, ಕುಲುಕಾಟವಿಲ್ಲದ ಓಟ ಮೂರೂ ಅಲ್ಲಿವೆ. ಅಲ್ಲಿ ಕಣ್ಣಿಗೆ ಬೀಳುವ ಅಚ್ಚಿನ ಕನ್ನಡದಲ್ಲಿ ಎರಡು ಬಗೆಯವು ಎದ್ದು ಕಾಣುತ್ತವೆ: ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಕೈಪಿಡಿಗಳು ಮತ್ತು ಅಂಗೈಯಗಲದ ಸ್ತೋತ್ರ ಪುಸ್ತಕಗಳು. ಲಲಿತಾ ಸಹಸ್ರನಾಮವನ್ನು ತುಟಿ ಆಡಿಸುತ್ತ ಓದಿಕೊಳ್ಳುವ ತಾಯಂದಿರು ಆಂಬ್ರೋಸನಿಗೂ ಹಿಂದಿನ ಓದಿನ ಕ್ರಮವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಕಥೆ, ಕಾದಂಬರಿ, ಕವಿತೆಗಳು ಅಪರೂಪ. ಕೈಪಿಡಿಗೆ ಉದ್ಯೋಗದ ಒತ್ತಾಸೆಯಿದೆ, ಸ್ತೋತ್ರದ ಪುಸ್ತಕಕ್ಕೆ ಅದರ ಗಾತ್ರದ ಅನುಕೂಲವಿದೆ. ಕನ್ನಡ ಕಾದಂಬರಿ ಮಾತ್ರ ಡೆಮಿ ಗಾತ್ರದಲ್ಲಿ, ಒಂದು ಕೈಗೆ ಭಾರವಾಗಿ, ಸಾಲುಗಳು ಒತ್ತೊತ್ತಾಗಿ, ಹೆಸರನ್ನು ಚಿತ್ರದೊಳಗೆ ಹುದುಗಿಸಿದ ಮುಖಪುಟದೊಡನೆ ಬರುತ್ತದೆ. ಒಂದು ಭಾಷೆಯ ಪುಸ್ತಕವನ್ನು ಜನ ಕೈಯಲ್ಲಿ ಹಿಡಿದದ್ದು ಕಾಣುತ್ತಿದ್ದರೆ ಆ ಭಾಷೆಯಲ್ಲಿ ಓದಲು ಏನೋ ಇದೆ ಎಂಬ ನಂಬಿಕೆ ನೋಡುವವರಲ್ಲಿ ಹುಟ್ಟುತ್ತದೆ. ಯಾವ ಜಾಹೀರಾತೂ ಅಷ್ಟು ಸಹಜವಾಗಿ ಈ ಕೆಲಸ ಮಾಡಲಾರದು.

ಪ್ರಕಾಶಕರು ತಮ್ಮ ಒಳ್ಳೆಯ ಕಾದಂಬರಿ, ಕಥಾಸಂಕಲನಗಳಲ್ಲಿ ಕೆಲವನ್ನಾದರೂ ಒಂದು ಕೈಯಲ್ಲಿ ಹಿಡಿಯಬಲ್ಲ ಗಾತ್ರಕ್ಕೆ ತರಬೇಕು, ಸಾಲುಗಳ ನಡುವೆ ಒತ್ತಕ್ಷರಕ್ಕೆ ಉಸಿರಾಡಲು ಎಡೆ ಬಿಡಬೇಕು, ಎದುರಿನ ಆಸನದಿಂದ ಓದಲಾಗುವಷ್ಟು ದೊಡ್ಡದಾಗಿ ಹೆಸರನ್ನು ಅಚ್ಚು ಹಾಕಬೇಕು. ಮೆಟ್ರೋ ಮತ್ತು ಬಸ್ ನಿಲ್ದಾಣಗಳನ್ನು ನಡೆಸುವವರು ತಿಂಡಿಯ ಮಳಿಗೆಗೆ ಕೊಟ್ಟ ಜಾಗದಲ್ಲಿ ಒಂದು ಪಾಲನ್ನು ಕನ್ನಡ ಪುಸ್ತಕಕ್ಕೆ ಕಡಿಮೆ ಬಾಡಿಗೆಯಲ್ಲಿ ಬಿಟ್ಟುಕೊಡಬೇಕು. ಓದುಗರು ಚೀಲದಲ್ಲಿರುವ ಕನ್ನಡ ಪುಸ್ತಕವನ್ನು ಬೋಗಿಯಲ್ಲಿ ಹೊರತೆಗೆದು, ಮುಖಪುಟಕ್ಕೆ ಹಾಳೆ ಸುತ್ತದೆ, ನಾಲ್ಕು ಜನಕ್ಕೆ ಕಾಣುವಂತೆ ಹಿಡಿದು ಓದಬೇಕು.